ಪೀಣ್ಯದ ಕಾಲುವೆಯಲ್ಲಿ ಒಂದು ಇಟ್ಟಿಗೆಯ ದಪ್ಪ

ಆ ದಿನ ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ನಾವಿಬ್ಬರೂ ಮಳೆನೀರಿನ ಕಾಲುವೆಯನ್ನು ಅಳೆಯುತ್ತಿದ್ದೆವು. ನಮ್ಮ ಮನೆಯವರು ರಸ್ತೆಯ ತುದಿಯಲ್ಲಿ ಲೆವೆಲ್ ಯಂತ್ರದ ಹಿಂದೆ, ನಾನು ಕಾಲುವೆಯೊಳಗೆ ಸ್ಟಾಫ್ ಹಿಡಿದುಕೊಂಡು. ಲೆವೆಲ್ ಎಂದರೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವ ಸಣ್ಣ ದುರ್ಬೀನು. ಸ್ಟಾಫ್ ಎಂದರೆ ಅಂಕಿಗಳನ್ನು ಬರೆದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ. ದುರ್ಬೀನಿನೊಳಗಿನ ಅಡ್ಡಗೆರೆ ಪಟ್ಟಿಯ ಯಾವ ಅಂಕಿಯ ಮೇಲೆ ಬೀಳುತ್ತದೆ ಎಂದು ನೋಡಿ ಬರೆದುಕೊಂಡರೆ, ಪಟ್ಟಿ ನಿಂತ ಜಾಗ ಎಷ್ಟು ತಗ್ಗಿನಲ್ಲಿದೆ ಎಂದು ಲೆಕ್ಕ ಹಾಕಬಹುದು. ನಮ್ಮ ಕೆಲಸ ಇಷ್ಟೇ.

ಪೀಣ್ಯದಲ್ಲಿ ಕೂಗಿದರೆ ಕೇಳುವುದಿಲ್ಲ. ಒಂದು ಶೆಡ್ಡಿನಲ್ಲಿ ಪ್ರೆಸ್ ಮೆಷಿನ್ನು ಕುಟ್ಟುತ್ತಿರುತ್ತದೆ, ಪಕ್ಕದ್ದರಲ್ಲಿ ತಗಡು ಕೊಯ್ಯುತ್ತಿರುತ್ತಾರೆ. ಹಾಗಾಗಿ ನಮ್ಮ ಮಾತೆಲ್ಲ ಕೈಸನ್ನೆಯಲ್ಲೇ. ಬಲಗೈ ಚಾಚಿದರೆ ಪಟ್ಟಿಯನ್ನು ಬಲಕ್ಕೆ ವಾಲಿಸು ಎಂದು. ಎರಡೂ ಕೈ ಎತ್ತಿದರೆ ಮುಗಿಯಿತು, ಮುಂದೆ ಹೋಗು ಎಂದು. ಇವು ಎಲ್ಲ ಸರ್ವೆಯವರಿಗೂ ಗೊತ್ತಿರುವ ಸನ್ನೆಗಳು. ನಮ್ಮಿಬ್ಬರವೇ ಆದ ಇನ್ನೆರಡು ಇದ್ದವು. ಕಾಲುವೆಯ ತಳದಲ್ಲಿ ಕೆಸರಿದ್ದರೆ ಪಟ್ಟಿ ಹೂತುಹೋಗುತ್ತದೆ. ಅಂಥ ಕಡೆ ನಾನು ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಪಟ್ಟಿ ನಿಲ್ಲಿಸಿ, ಬಿಡುವಾದ ಕೈಯನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅವರು ಕಂಡ ಅಂಕಿಗೆ ಇಟ್ಟಿಗೆಯ ದಪ್ಪವನ್ನು ಮನಸ್ಸಿನಲ್ಲೇ ಕೂಡಿಸಿ ಬರೆದುಕೊಳ್ಳುತ್ತಿದ್ದರು. ಎರಡನೆಯದು ಅವರ ಸನ್ನೆ. ನನ್ನ ಮುಖ ಬಾಡಿದ್ದು ದುರ್ಬೀನಿನಲ್ಲಿ ಕಂಡರೆ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಅಂದರೆ ಟೀ.

ಆ ದಿನವೂ ಕಿವಿ ಮುಟ್ಟಿಕೊಂಡರು. ಮೂಲೆಯ ಅಂಗಡಿಯಲ್ಲಿ ಟೀ ಹಿಡಿದು ನಿಂತಾಗ ಹೇಳಿದರು, "ಮನೇಲಿ ನಿನ್ನ ಮುಖ ಇಷ್ಟು ಚೆನ್ನಾಗಿ ನೋಡಿಲ್ಲ ಕಣೇ. ಅದ್ರಲ್ಲಿ ನೋಡಿದ್ರೆ ಮೂಗುತಿ ಹರಳೂ ಕಾಣ್ತದೆ."

"ಅಂಕಿ ನೋಡ್ರೀ ಅಂದ್ರೆ ಮೂಗುತಿ ನೋಡ್ತಿದ್ದೀರಾ? ಕಾಲುವೆ ಸೊಟ್ಟಗಾದ್ರೆ ಅದಕ್ಕೇ."

"ಆಗ್ಲಿ ಬಿಡು. ಸೊಟ್ಟ ಕಾಲುವೆಗೆ ಮೂಗುತಿ ಕಾರಣ ಅಂತ ರಿಪೋರ್ಟಲ್ಲಿ ಬರೀತೀನಿ."

ಅರ್ಧ ರಸ್ತೆ ಮುಗಿದಿತ್ತು. ಉಳಿದದ್ದು ನಾಳೆ ಎಂದು ಸ್ಕೂಟರಿನಲ್ಲಿ ಟಿ. ದಾಸರಹಳ್ಳಿಯ ಮನೆಗೆ ಬಂದೆವು. ಬೆಳಗ್ಗೆ ಅವರು ಹಾಲು ತರಲು ಹೋದರು. ಹಾಲು ತಂದರು. ಎದೆ ಭಾರ ಎಂದು ಮೆಟ್ಟಿಲ ಮೇಲೆ ಕುಳಿತರು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಥಿ ಆದ ಮೇಲೆ ಒಂದು ದಿನ ನಮ್ಮ ಆಫೀಸಿನ ಯಜಮಾನರು ಮನೆಗೆ ಬಂದರು. ಜಾಲಹಳ್ಳಿಯಲ್ಲಿ ಅವರದು ಸಣ್ಣ ಸರ್ವೆ ಆಫೀಸು. ಹೊರಡುವಾಗ ಕೆಲಸದ ಮಾತು ತೆಗೆದರು.

"ಆ ಪೀಣ್ಯದ್ದು ಅರ್ಧಕ್ಕೇ ನಿಂತಿದೆ. ಬೇರೆಯವರ ಕೈಲಿ ಮಾಡಿಸ್ಲಾ? ಅಥವಾ ಒಬ್ಬ ಎಂಜಿನಿಯರ್ ಕೊಡ್ತೀನಿ, ನೀನು ಸ್ಟಾಫ್ ಹಿಡಿ."

"ಸ್ಟಾಫ್ ಹಿಡಿಯೋಕಾಗಲ್ಲ ಸಾರ್," ಎಂದೆ. "ಬೇಕಿದ್ರೆ ಲೆವೆಲ್ ನೋಡ್ತೀನಿ."

ಯಾಕೆ ಹಾಗೆ ಹೇಳಿದೆ ಎಂದು ಆಗ ನನಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಪಟ್ಟಿ ಹಿಡಿದು ನಿಂತರೆ ಯಂತ್ರದ ಹಿಂದೆ ಇನ್ಯಾರದೋ ಮುಖ ಕಾಣುತ್ತದೆ. ಯಂತ್ರದ ಹಿಂದೆ ನಾನೇ ನಿಂತರೆ ಆ ಕಷ್ಟವಿಲ್ಲ. ನಾನು ಹತ್ತನೇ ತರಗತಿಯವರೆಗೆ ಓದಿದವಳು. ಲೆವೆಲ್ ನೋಡುವುದನ್ನು ನಮ್ಮ ಮನೆಯವರೇ ಕಲಿಸಿದ್ದರು. ಯಜಮಾನರಿಗೂ ಅದು ಗೊತ್ತಿತ್ತು. "ಆಯ್ತಮ್ಮ" ಎಂದರು.

ನನ್ನ ಜೊತೆಗೆ ಬಂದವಳು ದಾವಣಗೆರೆ ಕಡೆಯ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಆಫೀಸಿಗೆ ಹೊಸದಾಗಿ ಸೇರಿದ್ದಳು. ಅಪ್ಪ ಅಮ್ಮನ ಜೊತೆ ಜಾಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಇದ್ದಳು. ಮೊದಲ ದಿನವೇ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಗಮ್‌ಬೂಟು ಹಾಕಿಕೊಂಡು ಕಾಲುವೆಗೆ ಇಳಿದೇಬಿಟ್ಟಳು. "ಮೇಡಂ, ಮೆಲ್ಲಗೆ" ಎಂದೆ.

"ಮೇಡಂ ಗೀಡಂ ಬ್ಯಾಡ್ರೀ ಅಕ್ಕ. ನೀವು ಮೇಲೆ ನಿಂತು ಕೈ ಮಾಡಾರು, ನಾನು ಕೆಳಗೆ ನಿಂತು ಕುಣಿಯಾಕಿ. ಈಗ ನೀವೇ ಮೇಡಂ."

ಮಳೆ ಬಂದರೆ ಈ ಅಡ್ಡರಸ್ತೆ ಕೆರೆಯಾಗುತ್ತಿತ್ತು. ಒಂದು ಪಕ್ಕದಲ್ಲಿ ಸಣ್ಣ ಸಣ್ಣ ವರ್ಕ್‌ಶಾಪುಗಳು. ಇನ್ನೊಂದು ಪಕ್ಕದಲ್ಲಿ ಕಾಲುವೆ, ಅದಕ್ಕೆ ರಸ್ತೆಯ ಕಡೆ ಎದ್ದು ನಿಂತ ಕಾಂಕ್ರೀಟ್ ಗೋಡೆ. ಕಾಲುವೆಯ ಆಚೆ ದಡಕ್ಕೆ ಅಂಟಿಕೊಂಡಂತೆ ಒಂದೇ ಕೋಣೆಯ ಅಂಗನವಾಡಿ. ಅಲ್ಲಿಗೆ ಹೋಗಲು ಕಾಲುವೆಯ ಮೇಲೆ ಒಂದು ಚಪ್ಪಡಿ ಹಾಸಿದ್ದರು. ಗಾರ್ಮೆಂಟ್ಸಿಗೆ, ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳೆಲ್ಲ ಹಗಲು ಹೊತ್ತು ಇರುತ್ತಿದ್ದದ್ದು ಅಲ್ಲೇ. ಮಳೆಯ ದಿನ ತಾಯಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿನಲ್ಲಿ ನಡೆದು ಬರಬೇಕಿತ್ತು.

ಕಾಲುವೆ ಸಾಲುತ್ತದೆಯೇ, ಇನ್ನು ಎಷ್ಟು ಕಾಲ ಬಾಳುತ್ತದೆ, ಹಾಗೇ ಇಟ್ಟುಕೊಂಡು ನೋಡಿಕೊಳ್ಳಲು ಆಗುತ್ತದೆಯೇ ಎಂದು ನಾವು ಪರೀಕ್ಷಿಸಿ ಪಾಲಿಕೆಗೆ ಹೇಳಬೇಕಿತ್ತು. ಸಾಲದು ಎಂದರೆ ಅದನ್ನು ಒಡೆದು ಅಗಲವಾಗಿ ಕಟ್ಟುತ್ತಾರೆ. ಅಗಲ ಮಾಡುವುದು ಆಚೆ ದಡದ ಕಡೆಗೇ. ಆಗ ಅಂಗನವಾಡಿ ಹೋಗುತ್ತದೆ. ಬದಲಿ ಜಾಗ ಎಲ್ಲಿ, ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಇದು ಅಂಗನವಾಡಿಯ ಟೀಚರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಫ್ಯಾಕ್ಟರಿಗಳು ಬರುವುದಕ್ಕೆ ಮುಂಚಿನಿಂದಲೂ ಅಲ್ಲೇ ಇದ್ದ ಹಳ್ಳಿಯ ಮನೆತನದವರು ಅವರು. ದಪ್ಪ ಗಂಟಲು, ಬೆಲ್ಲದಂಥ ಮನಸ್ಸು. ಚಪ್ಪಡಿಯ ಮೇಲೆ ನಿಂತು ನಮ್ಮನ್ನು ಮಾತಾಡಿಸದ ದಿನವಿಲ್ಲ.

"ಏನಮ್ಮಾ, ಇವತ್ತೂ ಅಳಿಯಾಕೆ ಬಂದ್ರಾ? ಇಂಗೇ ದಿನಾ ಅಳೀತಿದ್ರೆ ಕಾಲುವೆ ಸವದೋಯ್ತದೆ."

"ಸವದ್ರೆ ಅಗಲ ಆಗ್ತದೆ ಬಿಡಿ ಟೀಚರ್," ಎಂದಳು ಕಾಲುವೆಯೊಳಗಿಂದ ಹುಡುಗಿ.

"ಅಗಲ ಅನ್ನೋ ಮಾತು ಬಾಯಲ್ಲಿ ಬರ್ಬಾರ್ದು ನೋಡು. ಉಪ್ಪಿಟ್ಟು ಕೊಡಾಕಿಲ್ಲ."

ಮೊದಲ ದಿನ ದುರ್ಬೀನಿಗೆ ಕಣ್ಣಿಟ್ಟೆ. ಯಂತ್ರದ ಮಟ್ಟ ತೋರಿಸುವ ಗುಳ್ಳೆಯನ್ನು ನಡುವೆ ತಂದು, ಗಾಜನ್ನು ತಿರುಗಿಸಿ ಸರಿಮಾಡಿದೆ. ಮಸುಕಾಗಿದ್ದದ್ದು ಒಮ್ಮೆಲೇ ತಿಳಿಯಾಯಿತು. ಕೆಂಪು ಅಂಕಿ, ಕಪ್ಪು ಗೆರೆ, ಅದರ ಪಕ್ಕದಲ್ಲಿ ಹುಡುಗಿಯ ಮುಖ, ಅವಳ ಹಣೆಯ ಮೇಲಿನ ಸಣ್ಣ ವಿಭೂತಿ ಗೆರೆ. ಇಷ್ಟು ವರ್ಷ ನಮ್ಮ ಮನೆಯವರು ನೋಡುತ್ತಿದ್ದದ್ದು ಹೀಗೆ. ನನಗೆ ಅಳು ಬರಬೇಕಿತ್ತು. ಬಂದದ್ದು ಒಂದು ಥರದ ಹಿಗ್ಗು. ಅವರು ಕಂಡದ್ದನ್ನು ನಾನೂ ಕಂಡೆ ಎಂಬ ಹಿಗ್ಗು.

ನಾವು ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಮೊದಲಿನಿಂದ ಅಳೆದೆವು. ಎರಡು ತುದಿಗಳಲ್ಲಿ ಹೊಂಗೆ ಮರಗಳ ನೆರಳಿತ್ತು. ನಡುವೆ, ಅಂಗನವಾಡಿಯ ಮುಂದೆ, ಬರೀ ಬಿಸಿಲು. ಕೆಲಸ ಸುಸೂತ್ರವಾಗಿ ಸಾಗಿತು. ಹೊರಟ ಗುರುತಿಗೇ ವಾಪಸ್ಸು ಬಂದು ನೋಡಿದಾಗ ಲೆಕ್ಕ ಸರಿಯಾಗಿ ಕೂಡಿತು. ಹಾಗೆ ಕೂಡಿದರೆ ಯಂತ್ರ ಎಲ್ಲೂ ತಪ್ಪಿಲ್ಲ ಎಂದು ಅರ್ಥ. ಕಾಲುವೆಯ ಅಗಲ, ಗೋಡೆಯ ಬಿರುಕು, ಕೆಸರಿನ ಆಳ ಎಲ್ಲ ಬರೆದುಕೊಂಡೆವು. ಶೆಡ್ಡುಗಳ ತಗಡಿನ ಮಾಡಿನಿಂದ ಪೈಪುಗಳು ನೀರನ್ನು ನೇರವಾಗಿ ರಸ್ತೆಗೇ ಸುರಿಯುವುದನ್ನೂ ಬರೆದುಕೊಂಡೆವು.

ಹುಡುಗಿ ಆಫೀಸಿನಲ್ಲಿ ಕೂತು ಕಾಲುವೆಯ ತಳದ ನಕ್ಷೆ ತೆಗೆದಳು. ಕಾಲುವೆಯ ನಡುಭಾಗ ಬಟ್ಟಲಿನಂತೆ ತಗ್ಗಾಗಿತ್ತು. ನೀರು ಒಂದು ಕಡೆಯಿಂದ ಇಳಿದುಬಂದು ಅಲ್ಲಿ ನಿಂತು, ಮುಂದಕ್ಕೆ ಏರಬೇಕಿತ್ತು. ನೀರು ಏರುವುದಿಲ್ಲ. ರಸ್ತೆ ಯಾಕೆ ಕೆರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ಬೇಕಿರಲಿಲ್ಲ. ಯಜಮಾನರು ಖುಷಿಯಾಗಿ ಕರಡು ವರದಿಯನ್ನು ವಾರ್ಡಿನ ಎಂಜಿನಿಯರಿಗೆ ಕಳಿಸಿಯೇಬಿಟ್ಟರು. ತಳ ಕುಸಿದಿದೆ, ಒಡೆದು ಕಟ್ಟುವುದೇ ದಾರಿ ಎಂದು ಅದರಲ್ಲಿತ್ತು. ಒಡೆದು ಕಟ್ಟುವುದಾದರೆ ಹೊಸ ಅಗಲಕ್ಕೇ ಕಟ್ಟಬೇಕು ಎಂದು ಆ ಕಡೆಯಿಂದ ಉತ್ತರವೂ ಬಂತು. ದಸರಾ ಮುಗಿದ ಕೂಡಲೇ ಸ್ಥಳಕ್ಕೆ ಬಂದು ತೀರ್ಮಾನ ಮಾಡುತ್ತೇನೆ ಎಂದಿದ್ದರು.

ಟೀಚರಮ್ಮನಿಗೆ ಸುದ್ದಿ ಹೇಳಲು ನಾವಿಬ್ಬರೂ ಹೋದೆವು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾವೇ ಹೇಳುವುದು ಸರಿ ಎನ್ನಿಸಿತು. ಅವರು ಕೋಣೆಯ ಹೊಸ್ತಿಲಲ್ಲಿ ಕೂತು ಕೇಳಿದರು. ಕೂಗಾಡಲಿಲ್ಲ.

"ಆ ಕಾಲುವೇಲಿ ನೀರು ನಿಂತಿದ್ದು ನಾನು ನೋಡಿಲ್ಲ ಕಣಮ್ಮ. ರೋಡಲ್ಲಿ ನಿಲ್ತದೆ, ಅದು ದಿಟ. ಕಾಲುವೇಲಿ ಎಂಗೆ ನಿಲ್ತದೆ?"

"ಅಳತೆ ಹಂಗೇ ತೋರಿಸ್ತಿದೆ ಟೀಚರ್," ಎಂದೆ.

ಹೊರಗೆ ಅಂಗಳದಲ್ಲಿ ಮಕ್ಕಳು ಆಟವಾಡುತ್ತಿದ್ದರು. ಇಷ್ಟು ದಿನ ನಮ್ಮನ್ನು ನೋಡಿ ನೋಡಿ ಅವರಿಗೆ ಅದೇ ಆಟವಾಗಿತ್ತು. ಒಂದು ಗುಂಪು ಕಸಬರಿಕೆಯನ್ನು ನೆಟ್ಟಗೆ ಹಿಡಿದು ನಿಂತಿತ್ತು. ಎದುರಿನ ಗುಂಪು ಬೆರಳುಗಳನ್ನು ಸುರುಳಿ ಮಾಡಿ ಕಣ್ಣಿಗೆ ಇಟ್ಟುಕೊಂಡು, ನನ್ನ ಹಾಗೆ ಸೊಂಟ ಬಗ್ಗಿಸಿ ನೋಡುತ್ತಿತ್ತು. ಕಸಬರಿಕೆ ಹಿಡಿದವರೆಲ್ಲ ಇನ್ನೊಂದು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದರು.

ಇಟ್ಟಿಗೆ, ಎಂದುಕೊಂಡೆ.

ಆಮೇಲೆ ಕಸಬರಿಕೆಯ ಕೆಳಗೆ ನೋಡಿದೆ. ಬರೀ ನೆಲವಿತ್ತು.

ಇಟ್ಟಿಗೆ ಎಲ್ಲಿತ್ತು ಎಂದು ಯೋಚಿಸಿದೆ. ಸ್ಕೂಟರಿನ ಡಿಕ್ಕಿಯಲ್ಲಿತ್ತು. ನಮ್ಮ ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟ ಹಾಗೇ ಇತ್ತು. ಅದನ್ನು ನಾನು ಹೊರಗೆ ತೆಗೆದೇ ಇರಲಿಲ್ಲ. ತಲೆಯ ಮೇಲೆ ಕೈ ಇಟ್ಟರೆ ಇಟ್ಟಿಗೆ ಎಂದು ಈ ಹುಡುಗಿಗೆ ಹೇಳಿಯೂ ಇರಲಿಲ್ಲ.

"ನೀನು ಕಾಲುವೇಲಿ ನಿಂತಾಗ ತಲೆ ಮೇಲೆ ಯಾಕೆ ಕೈ ಇಟ್ಕೊಳ್ತಿದ್ದೆ?" ಎಂದು ಕೇಳಿದೆ.

"ಬಿಸ್ಲು ರೀ ಅಕ್ಕ. ನೆತ್ತಿ ಸುಡ್ತಿತ್ತು. ಟೋಪಿ ಮರೆತು ಬಂದಿದ್ದೆ, ಕೈನೇ ಟೋಪಿ ಮಾಡ್ಕಂಡಿದ್ದೆ. ಯಾಕ್ರೀ?"

ಹೇಳಿದೆ. ಅವಳ ಕೈ ತಲೆಯ ಮೇಲೆ ಕಂಡಾಗಲೆಲ್ಲ ನಾನು ಗೊತ್ತಿಲ್ಲದೇ ಒಂದು ಇಟ್ಟಿಗೆಯ ದಪ್ಪವನ್ನು ಕೂಡಿಸಿ ಬರೆದಿದ್ದೆ. ನೆರಳಿದ್ದ ಎರಡು ತುದಿಗಳಲ್ಲಿ ಕೈ ಕೆಳಗಿತ್ತು, ಅಲ್ಲಿ ಅಳತೆ ಸರಿಯಿತ್ತು. ಬಿಸಿಲಿದ್ದ ನಡುಭಾಗದಲ್ಲಿ ಕೈ ತಲೆಯ ಮೇಲಿತ್ತು, ಅಲ್ಲಿ ಕಾಲುವೆ ಒಂದು ಇಟ್ಟಿಗೆಯಷ್ಟು ಕುಸಿಯಿತು. ಅಷ್ಟು ಸಣ್ಣ ಇಳಿಜಾರಿನಲ್ಲಿ ಒಂದು ಇಟ್ಟಿಗೆ ಎಂದರೆ ಬಹಳ. ಹೊರಟ ಗುರುತಿಗೆ ಬಂದು ಲೆಕ್ಕ ಕೂಡಿಸಿದಾಗ ಇದು ಸಿಗುವುದೂ ಇಲ್ಲ. ಆ ಲೆಕ್ಕ ನೋಡುವುದು ಯಂತ್ರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗಿನ ಅಳತೆಗಳನ್ನು ಮಾತ್ರ. ನಡುವೆ ತೆಗೆದ ಅಳತೆಗಳನ್ನು ಅದು ಕೇಳುವುದಿಲ್ಲ.

ಹುಡುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. ನಗು ತಡೆಯಲಾಗದೆ ಚಪ್ಪಡಿಯ ಮೇಲೆ ಕೂತುಬಿಟ್ಟಳು. "ಅಕ್ಕ, ಅಂದ್ರೆ ಕಾಲುವೆ ಕುಸಿದಿದ್ದು ನನ್ನ ನೆತ್ತಿ ಸುಟ್ಟಿದ್ದಕ್ಕಾ?"

ಟೀಚರಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ. "ಅಂದ್ರೆ ಕಾಲುವೆ ಸರಿ ಐತಾ ಇಲ್ವಾ?"

"ಗೊತ್ತಿಲ್ಲ ಟೀಚರ್. ತಪ್ಪಾಗಿದೆ. ಮತ್ತೆ ಅಳೀಬೇಕು."

"ಅಳೀರಿ ಅಳೀರಿ, ಸವದ್ರೂ ಚಿಂತೆ ಇಲ್ಲ," ಎಂದು ಅವರೂ ನಕ್ಕರು. ಆಗ ನನಗೂ ನಗು ಬಂತು. ನಮ್ಮ ಮನೆಯವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಗು ಬಂದದ್ದು ಅವರದೇ ಇಟ್ಟಿಗೆಯಿಂದ ಎಂಬುದು ಇನ್ನೂ ಚೆನ್ನಾಗಿತ್ತು.

ಯಜಮಾನರಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಕರಡು ಹೋಗಿಯಾಗಿತ್ತು, ಅದನ್ನು ಹಿಂದಕ್ಕೆ ಪಡೆದರೆ ಆಫೀಸಿಗೆ ಕೆಟ್ಟ ಹೆಸರು. ಎಲ್ಲೆಲ್ಲಿ ಇಟ್ಟಿಗೆ ಕೂಡಿಸಿದ್ದೆ ಎಂಬುದಕ್ಕೆ ಗುರುತೂ ಇರಲಿಲ್ಲ, ಯಾಕೆಂದರೆ ನಾನು ಮನಸ್ಸಿನಲ್ಲೇ ಕೂಡಿಸಿ, ಕೂಡಿಸಿದ್ದನ್ನೇ ಬರೆದಿದ್ದೆ. ಊಹೆಯ ಮೇಲೆ ತಿದ್ದಿದರೆ ಅದು ಇನ್ನೊಂದು ತಪ್ಪು. ಪೂರ್ತಿ ರಸ್ತೆಯನ್ನು ಮತ್ತೆ ಅಳೆಯುವುದೊಂದೇ ದಾರಿ.

"ಕಳಿಸಾಯ್ತಲ್ಲಮ್ಮ," ಎಂದು ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರ ಮುಂದೆ ಏನಂತ ಹೇಳ್ಲಿ?"

"ಸರ್ವೆ ಮಾಡಿದವಳು ತಪ್ಪು ಮಾಡಿದ್ಲು ಅಂತ ಹೇಳಿ ಸಾರ್. ಇಲ್ಲಾಂದ್ರೆ ಒಂದು ಕೋಣೆ ಹೋಗ್ತದೆ."

ಅವರು ಕರಡಿನ ಪ್ರತಿಯನ್ನು ಪಕ್ಕಕ್ಕೆ ಸರಿಸಿದರು. "ಅವನಿದ್ದಿದ್ರೆ ಏನಂತಿದ್ದ?"

"ಇಟ್ಟಿಗೆ ಎಲ್ಲಿ ಅಂತ ಕೇಳ್ತಿದ್ರು."

ಯಜಮಾನರು ನಕ್ಕುಬಿಟ್ಟರು. ಕನ್ನಡಕ ಹಾಕಿಕೊಂಡು ಫೋನು ಕೈಗೆತ್ತಿಕೊಂಡರು.

ಎರಡನೇ ಸಲ ಅಳೆಯುವ ದಿನ ಹುಡುಗಿ ಅಗಲವಾದ ಒಂದು ಹುಲ್ಲಿನ ಟೋಪಿ ಹಾಕಿಕೊಂಡು ಬಂದಳು. ಅಮ್ಮ ಯಾವುದೋ ಪ್ರವಾಸದಲ್ಲಿ ಕೊಂಡದ್ದಂತೆ, ಸುತ್ತ ನೀಲಿ ರಿಬ್ಬನ್ನು. ವರ್ಕ್‌ಶಾಪಿನವರು ಕೆಲಸ ಬಿಟ್ಟು ನೋಡಿದರು. "ಏನ್ ಗುರು, ಶೂಟಿಂಗಾ?" ಎಂದು ಒಬ್ಬರು. "ಹೂಂ ಅಣ್ಣ, ಕಾಲುವೆನೇ ಹೀರೋ," ಎಂದು ಇವಳು. ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ತಲೆಯ ಮೇಲೆ ಕೈ ಎಂದರೆ ಇಟ್ಟಿಗೆ, ಬೇರೆ ಯಾವ ಕಾರಣಕ್ಕೂ ಕೈ ಮೇಲೆ ಹೋಗಬಾರದು, ನೊಣ ಕೂತರೂ. ನಾನು ಕೂಡಿಸಿ ಬರೆಯದೆ, ಕಂಡದ್ದನ್ನು ಒಂದು ಕಡೆ, ಇಟ್ಟಿಗೆಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆದೆ. ಡಿಕ್ಕಿಯಿಂದ ಇಟ್ಟಿಗೆ ತೆಗೆದು ಅವಳ ಕೈಗೆ ಕೊಟ್ಟೆ. ಎರಡೇ ಕಡೆ ಅದು ಬೇಕಾಯಿತು.

ತಳ ಸರಿಯಾಗಿಯೇ ಇತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನಾಗಿ ಇಳಿದಿತ್ತು. ಕಟ್ಟಿದವರು ಯಾರೋ, ನಿಯತ್ತಾಗಿ ಕಟ್ಟಿದ್ದರು. ಅಗಲಕ್ಕೂ ಆಳಕ್ಕೂ ಹುಡುಗಿ ಅಲ್ಲೇ ಚಪ್ಪಡಿಯ ಮೇಲೆ ಕೂತು ಲೆಕ್ಕ ಹಾಕಿದಾಗ ಜೋರು ಮಳೆಯ ನೀರನ್ನೂ ಅದು ಒಯ್ಯಬಲ್ಲದು ಎಂದು ಬಂತು. ಹಾಗಾದರೆ ರಸ್ತೆ ಯಾಕೆ ಕೆರೆಯಾಗುತ್ತದೆ?

ಅದಕ್ಕೆ ಉತ್ತರ ಸಿಕ್ಕಿದ್ದು ಅದೇ ಮಧ್ಯಾಹ್ನ. ಕಾಲುವೆಯೊಳಗಿಂದ ಹುಡುಗಿ ಎರಡೂ ಕೈ ಬೀಸಿ ಕರೆದಳು. ನಮ್ಮ ಸನ್ನೆಗಳಲ್ಲಿ ಅದು ಯಾವುದೂ ಅಲ್ಲ. ಹೋಗಿ ಬಗ್ಗಿ ನೋಡಿದೆ.

"ಅಕ್ಕ, ಇಲ್ನೋಡ್ರೀ. ಗೋಡ್ಯಾಗ ಕಿಂಡಿಗಳು ಅದಾವು. ಒಳಗೆ ಜೇಡರ ಬಲೆ."

ರಸ್ತೆಯ ಕಡೆಯ ಗೋಡೆಯಲ್ಲಿ ಸಾಲಾಗಿ ಚೌಕದ ಕಿಂಡಿಗಳಿದ್ದವು. ರಸ್ತೆಯ ನೀರು ಕಾಲುವೆಗೆ ಇಳಿಯಲೆಂದು ಬಿಟ್ಟದ್ದು. ಒಂದೊಂದರಲ್ಲೂ ಜೇಡ ಬಲೆ ಕಟ್ಟಿ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿತ್ತು. ಮಳೆಗಾಲದಲ್ಲಿ ನೀರು ಹರಿದಿದ್ದರೆ ಬಲೆ ಉಳಿಯುತ್ತಿತ್ತೇ? ಮೇಲೆ ರಸ್ತೆಯಲ್ಲಿ ನಿಂತು ನೋಡಿದರೆ ಕಿಂಡಿಯ ಸುಳಿವೇ ಇಲ್ಲ. ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹಾಕುತ್ತ ರಸ್ತೆ ಎತ್ತರವಾಗಿ, ಕಿಂಡಿಗಳೆಲ್ಲ ಹೂತುಹೋಗಿದ್ದವು. ನೀರು ರಸ್ತೆಯಲ್ಲಿ ನಿಂತು ಕಾಲುವೆಯ ಗೋಡೆಯನ್ನು ನೋಡುತ್ತಿತ್ತು, ಒಳಗೆ ಹೋಗಲು ದಾರಿಯಿಲ್ಲದೆ. ನಾವು ಎರಡು ಸಲ ಅಳೆದಾಗಲೂ ಕಣ್ಣು ತಳದ ಮೇಲೇ ಇತ್ತು, ಗೋಡೆಯ ಬಿರುಕು ಬರೆದುಕೊಂಡವರು ಗೋಡೆಯ ಕಿಂಡಿ ನೋಡಿರಲಿಲ್ಲ.

ಮರುದಿನ ಆಯುಧಪೂಜೆ. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಲೇತ್ ಮೆಷಿನ್ನುಗಳಿಗೆ ಬಾಳೆಕಂದು, ಫೋರ್ಕ್‌ಲಿಫ್ಟಿಗೆ ಚೆಂಡುಹೂವಿನ ಹಾರ, ಬಾಗಿಲ ಬಾಗಿಲಲ್ಲೂ ಕುಂಕುಮ ತುಂಬಿ ಒಡೆದ ಬೂದುಗುಂಬಳ. ವರ್ಷ ತುಂಬುವವರೆಗೆ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಹೋಗಬಾರದು ಎಂದುಕೊಂಡಿದ್ದೆ. ಹುಡುಗಿ ಫೋನು ಮಾಡಿ, "ಲೆವೆಲ್‌ಗೆ ಪೂಜೆ ಇಲ್ಲೇನ್ರೀ? ಅದೇನು ಪಾಪ ಮಾಡೈತಿ?" ಎಂದಳು. ತೆಗೆದುಕೊಂಡು ಹೋದೆ. ಅಂಗನವಾಡಿಯ ಹೊಸ್ತಿಲಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಅವಳು ದುರ್ಬೀನಿಗೆ ವಿಭೂತಿ ಎಳೆದು, ಸ್ಟಾಫಿಗೂ ಇಟ್ಟಿಗೆಗೂ ಕುಂಕುಮ ಇಟ್ಟಳು. ಮಕ್ಕಳು ಕಸಬರಿಕೆಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು, ಅದಕ್ಕೂ ಆಯಿತು. ಟೀಚರಮ್ಮ ಯಂತ್ರಕ್ಕೆ ಒಂದು ಮೊಳ ಹೂವು ಸುತ್ತಿ, ಮಿಕ್ಕ ತುಂಡನ್ನು ನನ್ನ ಕೈಗಿಟ್ಟರು. ನಾನು ಮುಡಿದುಕೊಂಡೆ.

ಹಬ್ಬ ಕಳೆದ ಮೇಲೆ ವಾರ್ಡಿನ ಎಂಜಿನಿಯರು ಬಂದರು. ನಡುವಯಸ್ಸಿನವರು, ಮಾತು ಕಡಿಮೆ. ಒಂದೇ ಒಂದು ಕಿಂಡಿಯನ್ನು ತೆರೆದು ತೋರಿಸಿ ಎಂದು ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ವರ್ಕ್‌ಶಾಪಿನವರು ಹಾರೆ ತಂದು, ಅಂಗನವಾಡಿಯ ಎದುರಿನ ಕಿಂಡಿಯ ಮುಂದೆ ಡಾಂಬರನ್ನು ಕಿತ್ತು ಇಳಿಜಾರು ಮಾಡಿದ್ದರು. ಪ್ರತಿ ಮಳೆಗೂ ನೀರು ನುಗ್ಗುತ್ತಿದ್ದ ಒಂದು ಶೆಡ್ಡಿನ ಮಾಲೀಕರು ಟ್ಯಾಂಕರ್ ಕರೆಸಿದ್ದರು. ಗಿಡಗಳಿಗೆ ಹಾಕುವ ಶುದ್ಧೀಕರಿಸಿದ ನೀರು.

"ನೀರು ತುಂಬಿಸೋಕೆ ಕರೀತಾರೆ. ಚೆಲ್ಲೋಕೆ ಕರೆದಿದ್ದು ಇದೇ ಮೊದಲು ಅಕ್ಕ," ಎಂದು ಟ್ಯಾಂಕರಿನ ಡ್ರೈವರು ವಾಲ್ವು ತಿರುಗಿಸಿದರು.

ನೀರು ರಸ್ತೆಯ ಅಗಲಕ್ಕೂ ಹರಡಿಕೊಂಡು ಬಂತು. ಎಲ್ಲರೂ ಕಿಂಡಿಯನ್ನೇ ನೋಡುತ್ತಿದ್ದೆವು. ನೀರು ಕಿಂಡಿಯವರೆಗೆ ಬಂತು. ನಿಂತಿತು. ಮೆಲ್ಲಗೆ ಏರತೊಡಗಿತು. ವಾರ್ಡಿನ ಎಂಜಿನಿಯರು ನನ್ನ ಕಡೆ ತಿರುಗಿದರು.

ಟೀಚರಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿದರು. ಬಗ್ಗಿ ಕಿಂಡಿಯೊಳಗೆ ಕೈಹಾಕಿ ಎಳೆದರು. ಹೊರಗೆ ಬಂದದ್ದು ಅರ್ಧ ಬೂದುಗುಂಬಳ, ಅದರ ಹಿಂದೆ ಬಾಳೆಯ ಸಿಪ್ಪೆ, ಚೆಂಡುಹೂವಿನ ಹಾರ. ಹಬ್ಬದ ಕಸವೆಲ್ಲ ಮೊದಲ ನೀರಿಗೇ ತೇಲಿಬಂದು ಅಲ್ಲಿ ಸೇರಿತ್ತು.

"ಊರಿನ ದೃಷ್ಟಿಯೆಲ್ಲ ತೆಗೆದು ತಂದು ನನ್ನ ಕಾಲುವೆಗೇ ಆಕಿದ್ರಲ್ಲಪ್ಪ," ಎಂದು ಕುಂಬಳವನ್ನು ಶೆಡ್ಡಿನವರ ಕಡೆ ಎತ್ತಿ ತೋರಿಸಿದರು.

ಅಷ್ಟರಲ್ಲಿ ಗೊಳಗೊಳ ಎಂದು ಸದ್ದು ಬಂತು. ನೀರು ಕಿಂಡಿಯಲ್ಲಿ ಸುಳಿಸುತ್ತಿ ಒಳಗೆ ಬಿತ್ತು. ಮಕ್ಕಳು ಚಪ್ಪಡಿಯ ಮೇಲಿಂದ ಚೆಂಡುಹೂವನ್ನು ಕಾಲುವೆಗೆ ಹಾಕಿದರು. ಹೂವು ಒಂದು ಕಡೆಯೂ ನಿಲ್ಲದೆ, ಸುತ್ತದೆ, ಇಳಿಜಾರಿನಲ್ಲಿ ನೆಟ್ಟಗೆ ಹೋಯಿತು. ಹುಡುಗಿ ಟೋಪಿ ಹಿಡಿದುಕೊಂಡು ದಡದ ಮೇಲೆ ಹೂವಿನ ಜೊತೆ ಓಡಿದಳು. ಹರಿವಿನ ವೇಗ ಅಳೆಯಲು ಎಂದು ಆಮೇಲೆ ಹೇಳಿದಳು. ಅಳೆಯಲು ಗಡಿಯಾರ ನೋಡಿದ್ದನ್ನು ಮಾತ್ರ ನಾನು ಕಾಣಲಿಲ್ಲ.

ವಾರ್ಡಿನ ಎಂಜಿನಿಯರು ಕಾಲುವೆಯನ್ನು, ರಸ್ತೆಯನ್ನು, ಕೈಯಲ್ಲಿ ಕುಂಬಳ ಹಿಡಿದು ನಿಂತ ಟೀಚರಮ್ಮನನ್ನು ಒಂದಾದ ಮೇಲೊಂದು ನೋಡಿದರು.

"ಕಿಂಡಿ ಎಲ್ಲ ತೆರೆದುಕೊಟ್ರೆ ಮತ್ತೆ ಕಸ ತುಂಬಲ್ವಾ? ಕ್ಲೀನ್ ಮಾಡೋರು ಯಾರು?"

ಅದೇ ಸರಿಯಾದ ಪ್ರಶ್ನೆ. ಕಾಲುವೆ ಬಾಳುವುದು ಕಾಂಕ್ರೀಟಿನಿಂದ ಮಾತ್ರವಲ್ಲ. ಶೆಡ್ಡಿನ ಮಾಲೀಕರು ಪಕ್ಕದವರ ಮುಖ ನೋಡಿದರು, ಪಕ್ಕದವರು ಅವರ ಪಕ್ಕದವರ ಮುಖ ನೋಡಿದರು. ಕೊನೆಗೆ, ಅವರವರ ಬಾಗಿಲ ಎದುರಿನ ಕಿಂಡಿ ಅವರವರದು ಎಂದಾಯಿತು. ಹಬ್ಬದ ಮರುದಿನ ಎಲ್ಲರೂ ಸೇರಿ ಕಸ ಬಳಿಯುವುದು ಎಂದೂ ಆಯಿತು. ಮಾಡಿನ ಪೈಪುಗಳನ್ನು ರಸ್ತೆಗೆ ಬಿಡದೆ ತಮ್ಮ ಜಾಗದಲ್ಲೇ ಇಂಗುಗುಂಡಿ ತೋಡಿ ಅದಕ್ಕೆ ಬಿಡಲು ಕೆಲವರು ಒಪ್ಪಿದರು, ಕೆಲವರು ನೋಡೋಣ ಎಂದರು.

"ಆಯ್ತು," ಎಂದರು ವಾರ್ಡಿನ ಎಂಜಿನಿಯರು. "ಕಾಲುವೆ ಒಡೆಯೋದು ಬೇಡ. ಕಿಂಡಿ ತೆರೆದು ಜಾಲರಿ ಹಾಕಿಸ್ತೀನಿ. ರಿಪೋರ್ಟ್ ತಿದ್ದಿ ಕಳ್ಸಿ. ಮೇಡಂ, ಈ ಸಲ ಇಟ್ಟಿಗೆ ಲೆಕ್ಕ ಸರಿಯಾಗಿದೆ ತಾನೇ?"

ಯಜಮಾನರು ಅವರಿಗೆ ಎಲ್ಲವನ್ನೂ ಹೇಳಿದ್ದರು ಎಂದು ಆಗ ತಿಳಿಯಿತು.

ಟೀಚರಮ್ಮ ಒಳಗೆ ಹೋದರು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಬೆನ್ನಿನಿಂದಲೇ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಉಪ್ಪಿಟ್ಟು ಬಂತು.

ಕಿಂಡಿಗಳನ್ನೆಲ್ಲ ತೆರೆದ ಮೇಲೆ ಒಂದು ಸಂಜೆ ಜೋರಾಗಿ ಮಳೆ ಬಂತು. ಕೆಲಸ ಬೇರೆ ಕಡೆ ಇದ್ದರೂ ಬಸ್ಸಿಳಿದು ಆ ರಸ್ತೆಗೆ ಹೋದೆ. ಛತ್ರಿ ಹಿಡಿದು ನಿಂತುಕೊಂಡೆ. ನೀರು ರಸ್ತೆಯ ಮೇಲೆ ಬಿದ್ದು, ಅಂಚಿಗೆ ಸರಿದು, ಒಂದೊಂದು ಕಿಂಡಿಯಲ್ಲೂ ಇಳಿಯುತ್ತಿತ್ತು. ತಾಯಂದಿರು ಮಕ್ಕಳ ಕೈ ಹಿಡಿದುಕೊಂಡು ನಡೆಸಿಕೊಂಡು ಹೋಗುತ್ತಿದ್ದರು, ಯಾರ ಹೆಗಲ ಮೇಲೂ ಯಾರೂ ಇರಲಿಲ್ಲ. ಕೆಲವು ಮಕ್ಕಳಿಗೆ ಅದೇ ಬೇಸರವಾಗಿ ಎತ್ತಿಕೊ ಎಂದು ಹಟ ಹಿಡಿದಿದ್ದರು. ನಾನು ಮಳೆಯಲ್ಲಿ ನಿಂತು ನಗುತ್ತಿದ್ದೆ.

ಈಗ ನಾವಿಬ್ಬರೂ ವೈಟ್‌ಫೀಲ್ಡ್ ಕಡೆ ಇನ್ನೊಂದು ಕಾಲುವೆಯನ್ನು ಅಳೆಯುತ್ತಿದ್ದೇವೆ. ಇಟ್ಟಿಗೆ ಅದೇ, ಕುಂಕುಮದ ಗುರುತು ಇನ್ನೂ ಇದೆ. ಹುಡುಗಿ ಎಲ್ಲ ಸನ್ನೆಗಳನ್ನೂ ಕಲಿತಿದ್ದಾಳೆ, ತನ್ನವೇ ಕೆಲವನ್ನು ಸೇರಿಸಿದ್ದಾಳೆ. ಕಿವಿ ಮುಟ್ಟುವುದೊಂದನ್ನು ನಾನು ಅವಳಿಗೆ ಹೇಳಿಕೊಟ್ಟಿಲ್ಲ. ಹೊತ್ತಾದರೆ ಬಾಯಿಬಿಟ್ಟು ಕರೆಯುತ್ತೇನೆ, ಬರುತ್ತಾಳೆ, ಇಬ್ಬರೂ ಟೀ ಕುಡಿಯುತ್ತೇವೆ. ದೂರದಿಂದ ನನ್ನ ಮುಖ ನೋಡಿ, ನನಗೆ ಟೀ ಬೇಕಾಗಿದೆ ಎಂದು ತಿಳಿದುಕೊಳ್ಳುವವರು ಇಲ್ಲ.